ಗುಡ್ಡಗಳ ನಡುವಿನ ಬೈಲು: ಡಿಇಎಂನಿಂದ ಕಣಿವೆಯ ತಳ ಗುರುತಿಸುವ ಬಗೆ

ದಕ್ಷಿಣ ಕನ್ನಡ, ಉಡುಪಿ ಕಡೆ ಗದ್ದೆಗಳನ್ನು ಬೆಟ್ಟು, ಮಜಲು, ಬೈಲು ಎಂದು ಮೂರಾಗಿ ವಿಂಗಡಿಸುವ ರೂಢಿ ಇದೆ. ಬೆಟ್ಟು ಗದ್ದೆಗೆ ಮಳೆನೀರೇ ಗತಿ, ಅಲ್ಲಿ ಏಣಿಲು ಒಂದೇ ಬೆಳೆ. ಮಜಲಿನಲ್ಲಿ ಅದರ ಮೇಲೆ ಸುಗ್ಗಿಯೂ ಆಗುತ್ತದೆ. ಬೈಲಿನಲ್ಲಿ ನೀರು ಉಳಿಯುವುದರಿಂದ ಕೊಳಕೆಯೂ ಸೇರಿ ಮೂರು ಬೆಳೆ. ಈ ಲೆಕ್ಕದ ಹಿಂದೆ ಎರಡೇ ಪ್ರಶ್ನೆಗಳಿವೆ: ಜಾಗ ಸುತ್ತಲಿಗಿಂತ ತಗ್ಗಿನಲ್ಲಿದೆಯೇ? ಅದು ಮಟ್ಟಸವಾಗಿದೆಯೇ? ಎರಡಕ್ಕೂ ಹೌದು ಎನ್ನುವ ನೆಲವೇ ಬೈಲು, ಅಂದರೆ ಕಣಿವೆಯ ತಳ. ಡಿಇಎಂ, ಅಂದರೆ ಪ್ರತಿ ಪಿಕ್ಸೆಲ್ಲಿಗೂ ನೆಲದ ಎತ್ತರ ಬರೆದಿಟ್ಟ ನಕ್ಷೆ ಹಿಡಿದು ಕೂತಾಗ ಕಂಪ್ಯೂಟರ್ ಕೈಯಲ್ಲಿ ಕೇಳಿಸಬೇಕಾದ್ದೂ ಇವೇ ಎರಡು ಪ್ರಶ್ನೆ.

ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ. ನೀರಿನ ಹರಿವಿನ ಗೆರೆಗಳನ್ನು ತೆಗೆದು, ಅದಕ್ಕೆ 50 ಮೀಟರ್ ಬಫರ್ (ಗೆರೆಯ ಎರಡೂ ಬದಿಗೆ ಅಷ್ಟು ಅಗಲದ ಪಟ್ಟಿ) ಹಾಕಿ, ಕಣಿವೆಯ ತಳ ಸಿಕ್ಕಿತು ಎನ್ನುತ್ತಾರೆ. ತೋಡು, ಅಂದರೆ ಹಳ್ಳ, ಒಂದು ಗೆರೆ; ಬೈಲು ಹರವು. ಕಡಿದಾದ ಕಾಡುತೋಡಿನ ಎರಡೂ ಬದಿಯಲ್ಲಿ ಒಂದು ಮಾರು ಮಟ್ಟಸ ನೆಲವೂ ಇರುವುದಿಲ್ಲ. ಕೆಳಗೆ ಅದೇ ತೋಡು ಮುನ್ನೂರು ಮೀಟರ್ ಅಗಲದ ಗದ್ದೆಸಾಲಿನ ಒಂದು ಅಂಚು ಹಿಡಿದು ಹರಿಯುತ್ತಿರಬಹುದು. ಬಫರಿಗೆ ಇವೆರಡೂ ಒಂದೇ. ಕಿಂಡಿ ಅಣೆಕಟ್ಟಿಗೆ ಜಾಗ ಹುಡುಕುವವರಿಗೂ ನೆರೆ ನಕ್ಷೆ ಮಾಡುವವರಿಗೂ ಬೇಕಾದದ್ದು ಹರವು.

ಮುಂದಿನ ಕ್ರಮವನ್ನು ಪುತ್ತೂರು, ಬೆಳ್ತಂಗಡಿ, ಬಂಟ್ವಾಳ ತಾಲ್ಲೂಕುಗಳಂಥ ಜಂಬಿಟ್ಟಿಗೆ ಗುಡ್ಡಗಳ ನಾಡನ್ನು ಮನಸ್ಸಿನಲ್ಲಿಟ್ಟು ಬರೆದಿದೆ. ಕ್ಯೂಜಿಐಎಸ್, ಅದರೊಳಗೆ ಸಾಗಾ ಪ್ಲಗಿನ್, ಮತ್ತು ವೈಟ್‌ಬಾಕ್ಸ್ ಟೂಲ್ಸ್ ಎಂಬ ನಕ್ಷೆ ತಂತ್ರಾಂಶಗಳು ಇದ್ದರೆ ಸಾಕು, ಮೂರೂ ಉಚಿತ.

ಯಾವ ಡಿಇಎಂ?

ಉಚಿತವಾಗಿ ಸಿಗುವವುಗಳಲ್ಲಿ ನಾಲ್ಕು ನಮಗೆ ಪ್ರಯೋಜನಕ್ಕೆ ಬರುತ್ತವೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರಿನಿಂದ ಅಳೆದ ಎಸ್‌ಆರ್‌ಟಿಎಂ. 2005ರಲ್ಲಿ ಹಾರಿದ ನಮ್ಮ ಕಾರ್ಟೋಸ್ಯಾಟ್-1ರ ಜೋಡಿ ಚಿತ್ರಗಳಿಂದ ಮಾಡಿದ ಕಾರ್ಟೋಡೆಮ್, ಇದು ಇಸ್ರೋದ ಭುವನ್ ತಾಣದಲ್ಲಿ ಸಿಗುತ್ತದೆ. ಜರ್ಮನಿಯ ಟ್ಯಾನ್‌ಡೆಮ್-ಎಕ್ಸ್ ಉಪಗ್ರಹಗಳ ಅಳತೆಯಿಂದ ಬಂದ ಕೋಪರ್ನಿಕಸ್ 30 ಮೀಟರ್ ಡಿಇಎಂ. ಕೊನೆಯದು, ಆ ಕೋಪರ್ನಿಕಸ್‌ನಿಂದಲೇ ಮರ ಮತ್ತು ಕಟ್ಟಡಗಳ ಎತ್ತರ ಕಳೆದು ಬ್ರಿಸ್ಟಲ್ ವಿಶ್ವವಿದ್ಯಾಲಯದವರು ತಯಾರಿಸಿದ ಫ್ಯಾಬ್‌ಡೆಮ್. ಫ್ಯಾಬ್‌ಡೆಮ್‌ಗೆ ವಾಣಿಜ್ಯೇತರ ಪರವಾನಗಿ ಇದೆ, ಗುತ್ತಿಗೆ ಕೆಲಸಕ್ಕೆ ಬಳಸುವ ಮೊದಲು ಅದನ್ನು ಓದಿಕೊಳ್ಳಿ.

ನಮ್ಮ ಕಡೆಗೆ ಫ್ಯಾಬ್‌ಡೆಮ್ ಒಳ್ಳೆಯದು. ಅದಕ್ಕೆ ಕಾರಣ ಅಡಿಕೆ ಮರ.

120 ಮೀಟರ್ ಅಗಲದ ಒಂದು ಬೈಲನ್ನು ಊಹಿಸಿಕೊಳ್ಳಿ. 30 ಮೀಟರ್ ಪಿಕ್ಸೆಲ್ಲಿನಲ್ಲಿ ಅದರ ಅಡ್ಡಗಲ ನಾಲ್ಕೇ ಪಿಕ್ಸೆಲ್. ಎರಡು ತುದಿಯ ಪಿಕ್ಸೆಲ್ಲುಗಳಲ್ಲಿ ಗುಡ್ಡದ ಬರೆಯೂ ಸೇರಿಕೊಂಡಿರುತ್ತದೆ. ಶುದ್ಧ ಬೈಲು ಉಳಿಯುವುದು ನಡುವಿನ ಎರಡರಲ್ಲಿ. ಅವುಗಳಲ್ಲಿ ಒಂದು ಗದ್ದೆಯಾಗಿಯೇ ಉಳಿದಿದೆ, ಎತ್ತರ 42 ಮೀಟರ್. ಇನ್ನೊಂದರಲ್ಲಿ ಅಡಿಕೆ ತೋಟ ಎದ್ದಿದೆ, ನೆಲ ಅದೇ 42, ಆದರೆ ರೇಡಾರಿಗೆ ಕಂಡದ್ದು ಸೋಗೆಯ ಮಟ್ಟ, 52 ಎಂದಿಟ್ಟುಕೊಳ್ಳಿ. ಪಕ್ಕಪಕ್ಕದ ಪಿಕ್ಸೆಲ್ಲಿನಲ್ಲಿ 10 ಮೀಟರ್ ವ್ಯತ್ಯಾಸ. ಎರಡು ಪಿಕ್ಸೆಲ್ ದೂರಕ್ಕೆ, ಅಂದರೆ 60 ಮೀಟರಿಗೆ ಹರಡಿ ಲೆಕ್ಕ ಹಾಕಿದರೂ ಇಳಿಜಾರು ಸುಮಾರು 17%. ಹುಣಿಯ (ಗದ್ದೆಯ ಬದುವಿನ) ಮೇಲೆ ನೀರಿನ ಬಿಂದಿಗೆ ಇಟ್ಟರೆ ಅಲುಗದಂಥ ನೆಲ ಕಂಪ್ಯೂಟರಿಗೆ ಗುಡ್ಡದ ಓರೆಯಾಗಿ ಕಾಣುತ್ತದೆ. ಮೇಲಿನ ಪದವಿನಲ್ಲಾದರೋ, ಅಂದರೆ ಗುಡ್ಡದ ಚಪ್ಪಟೆ ತಲೆಯಲ್ಲಿ, ಬರೀ ಮುಳಿಹುಲ್ಲು, ಅಲ್ಲಿ ಎತ್ತರ ಸರಿಯಾಗೇ ಬಂದಿರುತ್ತದೆ. ಹೀಗೆ ಬೈಲಿನ ತಳ ಮೇಲೆದ್ದು ಗುಡ್ಡದ ತಲೆ ಅಲ್ಲೇ ಉಳಿದು, ಇಡೀ ಕಣಿವೆ ಇದ್ದುದಕ್ಕಿಂತ ಆಳ ಕಡಿಮೆಯಾದಂತೆ ತೋರುತ್ತದೆ. ತಗ್ಗು, ಮಟ್ಟ ಎಂಬ ಎರಡೂ ಪ್ರಶ್ನೆಗೆ ಒಂದೇ ತೋಟ ತಪ್ಪು ಉತ್ತರ ಕೊಡಿಸಿತು.

ಫ್ಯಾಬ್‌ಡೆಮ್ ಇದನ್ನು ಪೂರ್ತಿ ಸರಿಪಡಿಸುವುದಿಲ್ಲ. ತೋಟ ಚಿಕ್ಕದಾಗಿದ್ದರೆ ಮರದ ಎತ್ತರ ಅರ್ಧವಷ್ಟೇ ಕಳೆದಿರುವುದೂ ಉಂಟು. ಆದರೂ ಉಳಿದವಕ್ಕಿಂತ ವಾಸಿ. ಎಸ್‌ಆರ್‌ಟಿಎಂನ ರೇಡಾರು ಸೋಗೆಯೊಳಗೆ ಒಂದಿಷ್ಟು ಇಳಿಯುತ್ತದೆ ನಿಜ, ಆದರೆ ಅದರಲ್ಲಿ ಗದ್ದಲ, ಅಂದರೆ ಅಳತೆಯ ಏರುಪೇರು, ಹೆಚ್ಚು.

ಕಾರ್ಟೋಡೆಮ್ ಬಳಸುವವರಿಗೆ ಒಂದು ಮಾತು. ಅದರ ಎತ್ತರ ಸಮುದ್ರ ಮಟ್ಟದಿಂದ ಅಳೆದದ್ದಲ್ಲ, ಡಬ್ಲ್ಯುಜಿಎಸ್84 ದೀರ್ಘವೃತ್ತಜದಿಂದ, ಅಂದರೆ ಭೂಮಿಯ ಆಕಾರಕ್ಕೆ ಹೊಂದಿಸಿದ ಗಣಿತದ ಗೋಳದಿಂದ, ಅಳೆದದ್ದು. ದಕ್ಷಿಣ ಭಾರತದಲ್ಲಿ ಈ ಎರಡರ ನಡುವೆ 80 ಮೀಟರಿಗೂ ಮಿಕ್ಕಿದ ಅಂತರವಿರುವುದರಿಂದ ಕರಾವಳಿ ಪೂರ್ತಿ ಋಣ ಸಂಖ್ಯೆಯಲ್ಲಿ ಕಾಣುತ್ತದೆ. ಫೈಲ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಎಲ್ಲ ಪಿಕ್ಸೆಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿರುವುದರಿಂದ ಕಣಿವೆ ಹುಡುಕಲು ಅಡ್ಡಿಯಿಲ್ಲ. ಅರ್ಧ ಜಾಗಕ್ಕೆ ಕಾರ್ಟೋಡೆಮ್, ಉಳಿದರ್ಧಕ್ಕೆ ಎಸ್‌ಆರ್‌ಟಿಎಂ ಹೊಲಿದರೆ ಮಾತ್ರ ಜೋಡಣೆಯ ಗೆರೆಯಲ್ಲಿ ದೊಡ್ಡ ಗೋಡೆ ಎದ್ದು ನಿಲ್ಲುತ್ತದೆ.

ಕತ್ತರಿಸುವುದು, ಪ್ರೊಜೆಕ್ಷನ್ ಬದಲಿಸುವುದು

ನಿಮ್ಮ ಗ್ರಾಮದ ಗಡಿಗೆ ಸರಿಯಾಗಿ ಡಿಇಎಂ ಕತ್ತರಿಸಬೇಡಿ. ಸುತ್ತ 5 ಕಿಲೋಮೀಟರ್ ಹೆಚ್ಚು ಬಿಡಿ. ತಗ್ಗು ಎನ್ನುವುದು ಸುತ್ತಲಿನ ಹೋಲಿಕೆಯಿಂದ ಬರುವ ಮಾತು. ಮುಂದೆ ಹೇಳುವ ಲೆಕ್ಕ ಹಲವು ಸುತ್ತು ನಡೆಯುತ್ತದೆ, ದೊಡ್ಡ ಅಳತೆಯ ಸುತ್ತುಗಳಲ್ಲಿ ಅದು ಒಂದೂವರೆ ಕಿಲೋಮೀಟರಿನಿಂದ ಹಿಡಿದು ಸುಮಾರು 5 ಕಿಲೋಮೀಟರ್ ಆಚೆಯವರೆಗೂ ನೋಡುತ್ತದೆ. ಅಂಚು ಕತ್ತರಿಸಿ ಹೋಗಿದ್ದರೆ ಗಡಿಯ ಗುಡ್ಡದ ಓರೆಯೇ ಎಲ್ಲಕ್ಕಿಂತ ತಗ್ಗು ಎನಿಸಿಕೊಳ್ಳುತ್ತದೆ.

ಡೌನ್‌ಲೋಡ್ ಮಾಡಿದ ಡಿಇಎಂ ಡಿಗ್ರಿಗಳಲ್ಲಿ ಇರುತ್ತದೆ, ಎತ್ತರ ಮಾತ್ರ ಮೀಟರಿನಲ್ಲಿ. ಹಾಗೇ ಇಳಿಜಾರು ಲೆಕ್ಕಕ್ಕೆ ಕೊಟ್ಟರೆ ಎಲ್ಲ ಪಿಕ್ಸೆಲ್ಲೂ ಗೋಡೆಯಂತೆ ಕಡಿದಾಗಿ ಬಂದು ಫಲಿತಾಂಶ ಪೂರ್ತಿ ಸೊನ್ನೆಯಾಗುತ್ತದೆ. ಮೀಟರಿನಲ್ಲಿ ಅಳೆಯುವ ನಕ್ಷಾ ಪದ್ಧತಿಯಾದ ಯುಟಿಎಂನ 43 ಉತ್ತರ ವಲಯಕ್ಕೆ, ಅಂದರೆ ಇಪಿಎಸ್‌ಜಿ 32643ಕ್ಕೆ ಬದಲಿಸಿ. ಕರ್ನಾಟಕದ ಬಹುಪಾಲು ಇದರಲ್ಲಿ ಬರುತ್ತದೆ. 78 ಡಿಗ್ರಿ ರೇಖಾಂಶದ ಪೂರ್ವಕ್ಕಿರುವ ಕೋಲಾರದಂಥ ಕಡೆಗೆ 44ನೇ ವಲಯ. ಪಿಕ್ಸೆಲ್ ಗಾತ್ರ 30 ಮೀಟರ್ ಎಂದು ಕೈಯಾರೆ ತುಂಬಿ.

ಈ ಬದಲಾವಣೆಯಲ್ಲಿ ರೀಸ್ಯಾಂಪ್ಲಿಂಗ್ (ಹೊಸ ಪಿಕ್ಸೆಲ್ಲಿಗೆ ಹಳೆಯವುಗಳಿಂದ ಎತ್ತರ ತುಂಬುವ ಬಗೆ) ಆಯ್ಕೆ ತಾನಾಗಿಯೇ 'ನಿಯರೆಸ್ಟ್ ನೇಬರ್' ಎಂದಿರುತ್ತದೆ. ಅದನ್ನು ಬೈಲೀನಿಯರ್ ಅಥವಾ ಕ್ಯೂಬಿಕ್‌ಗೆ ಬದಲಿಸಲು ಮರೆತರೆ ಅಲ್ಲಲ್ಲಿ ಒಂದು ಸಾಲು ಎರಡು ಬಾರಿ ಬಂದು, ಇಲ್ಲವೇ ಒಂದು ಸಾಲೇ ಜಾರಿಹೋಗಿ, ಇಳಿಜಾರಿನ ನಕ್ಷೆಯಲ್ಲಿ ಮಗ್ಗದ ಬಟ್ಟೆಯಂತೆ ಪಟ್ಟೆಗಳು ಮೂಡುತ್ತವೆ. ಹಿಲ್‌ಶೇಡ್ (ಬಿಸಿಲು ನೆರಳಿನ ಉಬ್ಬುತಗ್ಗು ಚಿತ್ರ) ಒಮ್ಮೆ ಮಾಡಿ ನೋಡಿ, ಪಟ್ಟೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ನುಣುಪು ಮಾಡುವುದು, ಗುಂಡಿ ತುಂಬದೆ ಇರುವುದು

30 ಮೀಟರ್ ಡಿಇಎಂಗಳಲ್ಲಿ ಎರಡು ಮೂರು ಮೀಟರಿನ ಏರುಪೇರು ಸಾಮಾನ್ಯ. ಅಷ್ಟು ಸಾಕು ಕೆಲಸ ಕೆಡಲು: 60 ಮೀಟರಿಗೆ 3 ಮೀಟರ್ ಎಂದರೆ 5% ಇಳಿಜಾರು. ಆದ್ದರಿಂದ ಒಂದು ಸಲ 3×3 ಸರಾಸರಿ ಫಿಲ್ಟರ್ ಹಾಯಿಸಿ. ಇನ್ನೂ ಚೆನ್ನಾಗಿ ಬೇಕೆಂದರೆ ವೈಟ್‌ಬಾಕ್ಸ್‌ನಲ್ಲಿ 'ಫೀಚರ್ ಪ್ರಿಸರ್ವಿಂಗ್ ಸ್ಮೂದಿಂಗ್' ಇದೆ, ಗುಡ್ಡದ ಬರೆ ಮತ್ತು ಬೈಲಿನ ಅಂಚು ಮಸುಕಾಗದಂತೆ ಅದು ನೋಡಿಕೊಳ್ಳುತ್ತದೆ. ಅದರಲ್ಲಿ ಎತ್ತರವನ್ನು ಹೆಚ್ಚೆಂದರೆ ಎಷ್ಟು ಬದಲಿಸಬಹುದೆಂಬ ಮಿತಿ ಅರ್ಧ ಮೀಟರ್ ಎಂದಿರುತ್ತದೆ. ಅದು ಲೇಸರಿನಿಂದ ಸೂಕ್ಷ್ಮವಾಗಿ ಅಳೆಯುವ ಲೈಡಾರಿನ ಲೆಕ್ಕ. ನಮ್ಮ 30 ಮೀಟರ್ ದತ್ತಾಂಶಕ್ಕೆ 4 ಅಥವಾ 5 ಮೀಟರ್ ಮಾಡದಿದ್ದರೆ ಏನೂ ಆಗದಂತೆ ಇರುತ್ತದೆ. 5×5, 7×7 ಎಂದು ಉತ್ಸಾಹದಿಂದ ತೀಡಬೇಡಿ. ನಾಲ್ಕು ಪಿಕ್ಸೆಲ್ಲಿನ ಬೈಲಿನಲ್ಲಿ ಉಳಿಯುವುದು ಗುಡ್ಡದ ನೆರಳಷ್ಟೇ.

ಡಿಇಎಂ ಕೆಲಸವೆಂದರೆ ಮೊದಲು ಗುಂಡಿಗಳನ್ನು ತುಂಬುವ 'ಫಿಲ್ ಸಿಂಕ್ಸ್' ಒತ್ತುವುದು ಹಲವರ ಕೈಗೆ ಅಂಟಿದ ಚಾಳಿ. ಈ ಹಂತದಲ್ಲಿ ಅದು ಬೇಡ. ಹೆದ್ದಾರಿಯ ಮಣ್ಣುದಿಬ್ಬ ಬೈಲಿಗೆ ಅಡ್ಡ ಬಂದಿದ್ದರೆ, ಅಡಿಯ ಮೋರಿ ಡಿಇಎಂಗೆ ಕಾಣದು. ಫಿಲ್ ಮಾಡಿದರೆ ದಿಬ್ಬದ ಹಿಂದೆ ಕೆರೆ ತುಂಬಿದಂತೆ ಮಟ್ಟಸ ನೆಲ ಹುಟ್ಟುತ್ತದೆ. ಮುಂದಿನ ಲೆಕ್ಕಕ್ಕೆ ಅದು ಒಳ್ಳೇ ವಿಶಾಲ ಬೈಲಿನಂತೆ ಕಂಡು ಗುಡ್ಡದ ಬುಡವನ್ನೂ ಸೇರಿಸಿಕೊಳ್ಳುತ್ತದೆ. ನೀರಿನ ಹರಿವು ಲೆಕ್ಕ ಹಾಕುವಾಗ ಮಾತ್ರ, ಅದೂ ಡಿಇಎಂನ ಬೇರೆ ಪ್ರತಿಯ ಮೇಲೆ, ತುಂಬುವ ಬದಲು ದಿಬ್ಬವನ್ನು ಸೀಳುವ 'ಬ್ರೀಚ್' ವಿಧಾನ ಬಳಸಿ.

ತಗ್ಗು ಮತ್ತು ಮಟ್ಟ, ಹಲವು ಅಳತೆಗಳಲ್ಲಿ

ಈಗ ಮುಖ್ಯ ಕೆಲಸ. ಬಳಸುವ ಸೂಚ್ಯಂಕ ಎಂಆರ್‌ವಿಬಿಎಫ್, ಅಂದರೆ ಹಲವು ಅಳತೆಗಳಲ್ಲಿ ಕಣಿವೆಯ ತಳದ ಮಟ್ಟಸತನ ಹೇಳುವ ಅಂಕಿ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ಗ್ಯಾಲಂಟ್ ಮತ್ತು ಡೌಲಿಂಗ್ 2003ರಲ್ಲಿ ಪ್ರಕಟಿಸಿದ್ದು. ಒಂದೇ ಅಳತೆಗೋಲಿನಿಂದ ಎಲ್ಲ ಕಣಿವೆ ಸಿಗದು ಎನ್ನುವುದು ಇದರ ಮೂಲ. ಚಿಕ್ಕ ಬೈಲಿಗೆ ನೂರು ಮೀಟರಿನ ಸುತ್ತು ಸಾಕು, ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವಲ್ಲಿನ ಬಯಲಿಗೆ ಕಿಲೋಮೀಟರುಗಟ್ಟಲೆ ಬೇಕು.

ಕೆಲಸ ನಡೆಯುವುದು ಹೀಗೆ. ಪ್ರತಿ ಪಿಕ್ಸೆಲ್ಲಿಗೂ ಸುತ್ತಲಿನ ವೃತ್ತದಲ್ಲಿ ತನಗಿಂತ ಕೆಳಗಿರುವ ಪಿಕ್ಸೆಲ್ಲುಗಳ ಪಾಲು ಎಷ್ಟೆಂದು ಎಣಿಸುತ್ತದೆ. ಆ ಪಾಲು ಕಡಿಮೆಯಾದಷ್ಟೂ ಜಾಗ ತಗ್ಗು. ಇಳಿಜಾರು ಕಡಿಮೆಯಾದಷ್ಟೂ ಮಟ್ಟ. ಎರಡನ್ನೂ ಗುಣಿಸುತ್ತದೆ, ಹಾಗಾಗಿ ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ. ಮೊದಲ ಸುತ್ತಿನಲ್ಲಿ ವೃತ್ತದ ತ್ರಿಜ್ಯ 3 ಪಿಕ್ಸೆಲ್, ಎರಡನೆಯದರಲ್ಲಿ 6. ಮೂರನೆಯದರಿಂದ ಡಿಇಎಂ ಅನ್ನೇ ನುಣುಪು ಮಾಡಿ ಪಿಕ್ಸೆಲ್ ಮೂರು ಪಟ್ಟು ಹಿಗ್ಗಿಸುತ್ತದೆ: 30 ಮೀಟರಿದ್ದದ್ದು 90, ಆಮೇಲೆ 270, ಆಮೇಲೆ 810. ಪ್ರತಿ ಸುತ್ತಿಗೂ ಇಳಿಜಾರಿನ ಮಿತಿ ಅರ್ಧಕ್ಕಿಳಿಯುತ್ತದೆ. ಅಗಲವಾದ ಬಯಲೆಂದು ಕರೆಸಿಕೊಳ್ಳಬೇಕಾದರೆ ಹೆಚ್ಚು ಮಟ್ಟಸವಾಗಿರಬೇಕು ಎಂಬುದು ಅದರ ಅರ್ಥ.

ಕ್ಯೂಜಿಐಎಸ್‌ನ ಪ್ರೊಸೆಸಿಂಗ್ ಟೂಲ್‌ಬಾಕ್ಸ್‌ನಲ್ಲಿ ಹುಡುಕಿದರೆ ಸಾಗಾದ ಅಡಿ ಸಿಗುತ್ತದೆ. ಗ್ರಾಸ್ ಎಂಬ ಇನ್ನೊಂದು ತಂತ್ರಾಂಶ ಬಳಸುವವರಿಗೂ ಇದೇ ಲೆಕ್ಕದ ಆಡ್‌ಆನ್ ಇದೆ. ತುಂಬಬೇಕಾದ ಅಂಕಿಗಳಲ್ಲಿ ನೀವು ಮುಟ್ಟಬೇಕಾದದ್ದು ಒಂದೇ, ಆರಂಭದ ಇಳಿಜಾರು ಮಿತಿ. ಪೆಟ್ಟಿಗೆಯಲ್ಲಿ 16 ಎಂದಿರುತ್ತದೆ. ಅದು ಶೇಕಡಾ, ಡಿಗ್ರಿಯಲ್ಲ, ಮತ್ತು 25 ಮೀಟರ್ ಪಿಕ್ಸೆಲ್ಲಿಗೆ ಇಟ್ಟದ್ದು. ಪಿಕ್ಸೆಲ್ ಮೂರು ಪಟ್ಟಾದಾಗ ಮಿತಿ ಅರ್ಧ ಎಂಬ ನಿಯಮವನ್ನೇ ಹಿಡಿದರೆ 30 ಮೀಟರಿಗೆ 14, 90 ಮೀಟರಿಗೆ 7, 10 ಮೀಟರಿಗೆ 28ರ ಆಸುಪಾಸು ಬರುತ್ತದೆ. ತಗ್ಗಿನ ಮಿತಿ 0.4, ಇಳಿಜಾರಿನ ಆಕಾರ ಅಂಕಿ 4, ತಗ್ಗಿನ ಆಕಾರ ಅಂಕಿ 3, ಇವನ್ನು ಇದ್ದ ಹಾಗೇ ಬಿಡಿ. 'ಕ್ಲಾಸಿಫೈ' ಗುರುತನ್ನು ತೆಗೆದಿಡಿ, ದಶಮಾಂಶ ಮುಂದೆ ಬೇಕಾಗುತ್ತದೆ.

ಗರಿಷ್ಠ ರೆಸಲ್ಯೂಶನ್ ಎಂಬ ಇನ್ನೊಂದು ಪೆಟ್ಟಿಗೆ ಇದೆ. ಅದು ಡಿಇಎಂನ ಒಟ್ಟು ಹರವಿನ ಶೇಕಡಾ ಲೆಕ್ಕ. ಹಾಗಾಗಿ ಒಂದು ಗ್ರಾಮದ ತುಂಡನ್ನು ಕೊಟ್ಟಾಗ ಮತ್ತು ಇಡೀ ಜಿಲ್ಲೆಯನ್ನು ಕೊಟ್ಟಾಗ ಸುತ್ತುಗಳ ಸಂಖ್ಯೆ ಬೇರೆಯಾಗಿ ಒಂದೇ ಬೈಲಿಗೆ ಬೇರೆ ಅಂಕಿ ಬರಬಹುದು. ಎರಡು ತಾಲ್ಲೂಕು ಹೋಲಿಸಬೇಕಿದ್ದರೆ ಒಟ್ಟಿಗೇ ಓಡಿಸಿ, ಆಮೇಲೆ ಕತ್ತರಿಸಿಕೊಳ್ಳಿ.

ಬಂದ ಅಂಕಿಯನ್ನು ಓದುವುದು

0.5ಕ್ಕಿಂತ ಕೆಳಗಿದ್ದರೆ ಬೈಲಲ್ಲ: ಓರೆ ಅಥವಾ ತಲೆ. 0.5ರಿಂದ 1.5ರವರೆಗೆ ಗುಡ್ಡದ ಸಂದಿಯ ಚಿಕ್ಕ, ಕಡಿದಾದ ತಗ್ಗುಗಳು. ಹೋಲಿಸುವುದಾದರೆ ಮಜಲಿನ ತಲೆಭಾಗ. 1.5ರಿಂದ 2.5 ಕಿರಿದಾದ ಬೈಲು. ಜಂಬಿಟ್ಟಿಗೆ ಗುಡ್ಡಗಳ ನಡುವಿನ ಹೆಚ್ಚಿನ ಗದ್ದೆಸಾಲು ಇಲ್ಲೇ ಬೀಳುತ್ತದೆ. 2.5ರ ಮೇಲೆ ಅಗಲವಾದ ತಳ, 3.5 ದಾಟಿದರೆ ವಿಶಾಲ ಬಯಲು. ಕರಾವಳಿಯ ಅಂಚಿನ ಪಟ್ಟಿ ಪೂರ್ತಿ ದೊಡ್ಡ ಅಂಕಿಯಲ್ಲಿ ಹೊಳೆಯುವುದು ಇದರಿಂದಲೇ. ಕಡಲಿನ ಪಿಕ್ಸೆಲ್ಲುಗಳು ಸೊನ್ನೆ ಎತ್ತರವಾಗಿ ಒಳಗೆ ಉಳಿದಿದ್ದರೆ ಹೋಲಿಕೆ ತಲೆಕೆಳಗಾಗುತ್ತದೆ, ಅವನ್ನು ಮೊದಲೇ 'ನೋ ಡೇಟಾ' ಮಾಡಿಬಿಡಿ.

1.5 ಎಂಬ ಗೆರೆಯನ್ನು ಶಾಸನವೆಂದು ಹಿಡಿಯಬೇಡಿ. 1.2 ಇಟ್ಟು ಒಂದು ನಕ್ಷೆ, 1.8 ಇಟ್ಟು ಇನ್ನೊಂದು ಮಾಡಿ ನೋಡಿ. ಎರಡರಲ್ಲೂ ಅಂಚು ಹೆಚ್ಚು ಕದಲದ ಬೈಲು ನಂಬಿಕೆಗೆ ಅರ್ಹ. 1.8ಕ್ಕೆ ತುಂಡುತುಂಡಾಗಿ ಹೋಗುವ ಜಾಗದಲ್ಲಿ ಬಹುಮಟ್ಟಿಗೆ ತೋಟದ ಮರಗಳೇ ಅಡ್ಡ ಬಂದಿರುತ್ತವೆ.

ಪದವಿನ ಮೋಸ

ಮಂಗಳೂರಿನ ವಿಮಾನ ನಿಲ್ದಾಣ ಕೂತಿರುವುದು ಗುಡ್ಡದ ತಲೆಯ ಮಟ್ಟಸ ಜಾಗದಲ್ಲಿ. ಈ ನಾಡಿನ ಪದವುಗಳೆಲ್ಲ ಹೀಗೆಯೇ, ಜಂಬಿಟ್ಟಿಗೆ ಹಾಸಿದ ಚಪ್ಪಟೆ ತಲೆಗಳು. ಪದವು ಅಗಲವಾಗಿದ್ದರೆ ಅದರ ನಡುವಿನ ಪಿಕ್ಸೆಲ್ಲಿಗೆ ಸುತ್ತ ಕಾಣುವುದೆಲ್ಲ ತನ್ನಂಥ ಮಟ್ಟಸ ನೆಲವೇ. ಅಲ್ಲಿ ಒಂದೆರಡು ಮೀಟರಿನ ಗುಳಿ ಇದ್ದರೂ ಅದು ತಗ್ಗೂ ಹೌದು, ಮಟ್ಟವೂ ಹೌದು. ಎಂಆರ್‌ವಿಬಿಎಫ್ ಅದಕ್ಕೆ 1.5 ಕೊಟ್ಟೇ ಕೊಡುತ್ತದೆ. ಕೆಂಪುಕಲ್ಲಿನ ಕೋರೆಗಳದ್ದೂ ಇದೇ ಕತೆ: ಚೌಕವಾಗಿ ಕಡಿದ, ಅಡಿ ಮಟ್ಟಸವಾದ ಗುಂಡಿ.

ಇವನ್ನು ಕಳೆಯಲು ಎರಡನೇ ಅಳತೆ ಬೇಕು: ಜಾಗ ತನ್ನ ನೀರು ಸೇರುವ ತೋಡಿಗಿಂತ ಎಷ್ಟು ಮೇಲಿದೆ ಎಂಬುದು. ಬ್ರೆಜಿಲಿನ ಸಂಶೋಧಕರು ಅಮೆಜಾನ್ ಕಾಡಿಗಾಗಿ ರೂಪಿಸಿದ ಈ ಅಳತೆಗೆ 'ಹ್ಯಾಂಡ್' ಎಂದು ಹೆಸರು. ಸೀಳಿದ ಡಿಇಎಂನಿಂದ ಹರಿವಿನ ದಿಕ್ಕು, ಅದರಿಂದ ಹರಿವಿನ ಸಂಚಯ (ಮೇಲಿನ ಎಷ್ಟು ಪಿಕ್ಸೆಲ್ಲಿನ ನೀರು ಬಂದು ಸೇರುತ್ತದೆಂಬ ಎಣಿಕೆ), ಸಂಚಯಕ್ಕೊಂದು ಮಿತಿ ಹಾಕಿ ತೋಡಿನ ಗೆರೆ, ಕೊನೆಗೆ ವೈಟ್‌ಬಾಕ್ಸ್‌ನ 'ಎಲಿವೇಶನ್ ಅಬವ್ ಸ್ಟ್ರೀಮ್'. ಇದೇ ಹೆಸರಿನ ಕೊನೆಗೆ 'ಯೂಕ್ಲಿಡಿಯನ್' ಸೇರಿದ ಉಪಕರಣವೂ ಪಕ್ಕದಲ್ಲೇ ಇರುತ್ತದೆ. ಅದು ನೇರ ದೂರದ ಹತ್ತಿರದ ತೋಡನ್ನು ಹಿಡಿಯುತ್ತದೆ, ದಿಣ್ಣೆಯಾಚೆಯ ತೋಡಾದರೂ ಸರಿ. ನಮಗೆ ಬೇಕಾದದ್ದು ನೀರು ಹರಿದು ಹೋಗಿ ಸೇರುವ ತೋಡು.

ಸಂಚಯದ ಮಿತಿ ಎಷ್ಟಿಡಬೇಕು? 30 ಮೀಟರ್ ಪಿಕ್ಸೆಲ್ ಎಂದರೆ 900 ಚದರ ಮೀಟರ್. 500 ಪಿಕ್ಸೆಲ್ ಎಂದರೆ 45 ಹೆಕ್ಟೇರ್. ಅಲ್ಲಿಂದ ಶುರು ಮಾಡಿ. ಸರ್ವೇ ಆಫ್ ಇಂಡಿಯಾ ನಕ್ಷೆಯ ನೀಲಿ ಗೆರೆಗಳ ತಲೆ ಎಲ್ಲಿ ಶುರುವಾಗುತ್ತದೆಂದು ನೋಡಿ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಮಿತಿ ತೀರಾ ಚಿಕ್ಕದಿಟ್ಟರೆ ಪದವಿನ ಮೇಲೂ ತೋಡು ಹುಟ್ಟಿ ಹ್ಯಾಂಡ್ ಅಲ್ಲೂ ಸೊನ್ನೆಯಾಗುತ್ತದೆ. ಆಗ ಯಾವ ಮೋಸ ತಪ್ಪಿಸಲು ಹೊರಟಿದ್ದೆವೋ ಅದೇ ಮತ್ತೆ ಬಾಗಿಲಿಗೆ ಬರುತ್ತದೆ.

ಆಮೇಲೆ ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ ಎರಡನ್ನೂ ಕೂಡಿಸಿ: ಎಂಆರ್‌ವಿಬಿಎಫ್ 1.5ಕ್ಕಿಂತ ಹೆಚ್ಚು ಇರಬೇಕು, ಹ್ಯಾಂಡ್ 6 ಮೀಟರಿಗಿಂತ ಕಡಿಮೆ ಇರಬೇಕು. ಎರಡೂ ಒಪ್ಪಿದ್ದು 1, ಉಳಿದದ್ದು 0. ಆರಕ್ಕೆ ಬದಲು ಮೂರಿಟ್ಟರೆ ಚೊಕ್ಕ ಎನಿಸಬಹುದು, ಆದರೆ ಡಿಇಎಂನ ಏರುಪೇರೇ ಅಷ್ಟಿರುವಾಗ ಬೈಲಿನ ಅರ್ಧ ನೆಲ ಹೊರಗೆ ಬೀಳುತ್ತದೆ. ಪದವುಗಳು ಸಾಮಾನ್ಯವಾಗಿ ತೋಡಿನಿಂದ ಹತ್ತಾರು ಮೀಟರ್ ಮೇಲಿರುವುದರಿಂದ ಆರು ಇಟ್ಟರೂ ಅವು ನುಸುಳುವುದಿಲ್ಲ. ಹ್ಯಾಂಡ್ ಒಂದನ್ನೇ ನಂಬಿದರೂ ಆಗದು: ಕಡಿದಾದ ತೋಡಿನ ಇಕ್ಕೆಲದ ಓರೆಯೂ ಒಂದು ಪಿಕ್ಸೆಲ್ ದೂರದವರೆಗೆ ಆರು ಮೀಟರಿನೊಳಗೇ ಇರುತ್ತದೆ.

ಕೆರೆ, ಅಣೆಕಟ್ಟಿನ ಹಿನ್ನೀರು ಮಟ್ಟಸವಾಗಿ ಕಾಣುವುದರಿಂದ ಅವೂ ಬೈಲಿನ ಲೆಕ್ಕಕ್ಕೆ ಸೇರಿರುತ್ತವೆ. ನೀರಿನ ಪದರ ಹಾಕಿ ಕಳೆಯಿರಿ. ಬಿಡಿಬಿಡಿ ಚುಕ್ಕೆಗಳನ್ನು 'ಸೀವ್' ಉಪಕರಣದಿಂದ ತೆಗೆಯಿರಿ, 10 ಪಿಕ್ಸೆಲ್ ಅಂದರೆ ಒಂದು ಹೆಕ್ಟೇರಿಗೆ ತುಸು ಕಡಿಮೆ, ಅದಕ್ಕಿಂತ ಚಿಕ್ಕದು ಬೇಡ. ಪಾಲಿಗನ್ ಮಾಡಿದ ಮೇಲೆ ಅಂಚು ನುಣುಪು ಮಾಡುವ ಆಸೆಯಾದರೆ ಮೊದಲು ವಿಸ್ತೀರ್ಣ ಬರೆದಿಟ್ಟುಕೊಳ್ಳಿ.

ನೆಲದ ಮೇಲೆ ತಾಳೆ ನೋಡುವುದು

ಕ್ಯೂಜಿಐಎಸ್‌ನಲ್ಲಿರುವ ಎಲಿವೇಶನ್ ಪ್ರೊಫೈಲ್ ಕಿಟಕಿ ತೆರೆದು ಬೈಲಿಗೆ ಅಡ್ಡವಾಗಿ ಹತ್ತು ಹದಿನೈದು ಗೆರೆ ಎಳೆದು ನೋಡಿ. ಸರಿಯಾದ ಬೈಲಿನ ಅಡ್ಡಗೆರೆ ದೋಣಿಯ ತಳದಂತೆ ಇರುತ್ತದೆ. ನಡುವೆ ಒಂದು ಗೂನು ಎದ್ದು, ಎರಡೂ ಬದಿ ಇಳಿದಿದ್ದರೆ ಅದು ಮರ. ಉಪಗ್ರಹ ಚಿತ್ರವನ್ನು ಅಡಿಗಿಟ್ಟು ನೋಡಿದರೆ ತೋಟದ ಚೌಕ ಅಲ್ಲೇ ಸಿಗುತ್ತದೆ. ಅಂಥ ತೂತುಗಳನ್ನು ಸುತ್ತಲಿನ ಬೈಲಿಗೆ ಕೈಯಿಂದಲೇ ಸೇರಿಸುವುದು ಸರಿ. ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಸೇರಿಸಿದ್ದನ್ನು ಬೇರೆ ಕಾಲಂನಲ್ಲಿ ಗುರುತು ಮಾಡಿದರಾಯಿತು.

ಬೇಸಿಗೆಯ ಹಸಿರನ್ನು ಸಾಕ್ಷಿಗೆ ಕರೆಯುವವರು ತುಸು ನಿಧಾನಿಸಬೇಕು. ಫೆಬ್ರವರಿ, ಮಾರ್ಚ್‌ನ ಸೆಂಟಿನೆಲ್-2 ಉಪಗ್ರಹ ಚಿತ್ರದಲ್ಲಿ ಗುಡ್ಡದ ಮುಳಿ ಒಣಗಿ ಬೈಲು ಹಸಿರಾಗಿರುತ್ತದೆ ಎನ್ನುವುದು ಕೊಳವೆಬಾವಿ ಬರುವ ಮುಂಚಿನ ಮಾತು. ಈಗ ಗುಡ್ಡದ ನೆತ್ತಿಯಲ್ಲೂ ಸ್ಪ್ರಿಂಕ್ಲರ್ ತಿರುಗುತ್ತದೆ. ಹಸಿರಿಗಿಂತ ಕೊಳಕೆ ಗದ್ದೆಯ ನಿಂತ ನೀರು ಒಳ್ಳೆಯ ಗುರುತು, ಆದರೆ ಆ ಬೇಸಾಯ ಮಾಡುವವರು ಕಡಿಮೆಯಾಗಿದ್ದಾರೆ. ಇನ್ನೊಂದು ಕಡೆ, ಮಣ್ಣು ತುಂಬಿಸಿ ಲೇಔಟ್ ಮಾಡಿದ ಬೈಲುಗಳೂ ಇವೆ. 2000ದ ಎಸ್‌ಆರ್‌ಟಿಎಂನಲ್ಲಿ ಅದು ಬೈಲೇ, ಇವತ್ತು ಹೋಗಿ ನೋಡಿದರೆ ಮನೆಗಳು. ನೆರೆಯ ಲೆಕ್ಕಕ್ಕೆ ಹಳೆಯ ಎತ್ತರವೇ ಹೆಚ್ಚು ಉಪಯೋಗದ್ದು, ನೀರಿನ ದಾರಿ ಯಾವುದಾಗಿತ್ತೆಂದು ಅದು ಹೇಳುತ್ತದೆ.

ಊರಿನ ಹೆಸರುಗಳನ್ನು ನಕ್ಷೆಯ ಮೇಲೆ ಹರಡಿ ನೋಡುವುದು ಅಗ್ಗದ ಪರೀಕ್ಷೆ. ಬೈಲು ಎಂದು ಮುಗಿಯುವ ಹೆಸರುಗಳು 1ರಲ್ಲಿ, ಪದವು, ಗುಡ್ಡೆ ಎಂಬವು 0ಯಲ್ಲಿ ಬೀಳಬೇಕು. ಮಂಗಳೂರಿನ ಪದವಿನಂಗಡಿ ನಿಮ್ಮ ನಕ್ಷೆಯಲ್ಲಿ ಕಣಿವೆಯ ತಳವಾಗಿದ್ದರೆ ಹ್ಯಾಂಡ್ ಹಂತಕ್ಕೆ ವಾಪಸ್ ಹೋಗಿ. ಹೆಸರು ಬರೆದ ಚುಕ್ಕೆ ಮನೆಗಳಿರುವಲ್ಲಿ ಇರುತ್ತದೆ, ಬೈಲಿನ ಮನೆ ಗದ್ದೆಯ ನಡುವೆ ಇರದೆ ಅಂಚಿನ ಏರಿನಲ್ಲಿರುತ್ತದೆ. ಆದ್ದರಿಂದ ನೂರಿನ್ನೂರು ಮೀಟರ್ ಆಚೀಚೆ ಬಿಡಿ.

ಕೊನೆಗೆ ನಡೆದು ನೋಡುವ ಕೆಲಸ. 1 ಎಂದು ಬಂದ ಜಾಗದಲ್ಲಿ 50, 0 ಎಂದು ಬಂದಲ್ಲಿ 50 ಬಿಂದುಗಳನ್ನು ಕಂಪ್ಯೂಟರಿನಿಂದಲೇ ಚೆಲ್ಲಿಸಿ. 0 ಎಂದು ಬಂದ 50ರಲ್ಲಿ ಅರ್ಧವನ್ನು ಬೈಲಿನ ಅಂಚಿನಿಂದ 100 ಮೀಟರಿನೊಳಗೆ ಬೀಳಿಸಿ, ತಪ್ಪು ಅಡಗಿರುವುದು ಅಲ್ಲೇ, ಗುಡ್ಡದ ನೆತ್ತಿಯಲ್ಲಲ್ಲ. ರಸ್ತೆ ಬದಿಯವನ್ನು ಮಾತ್ರ ಆರಿಸಿಕೊಂಡರೆ ಅಂಕ ಚೆನ್ನಾಗಿ ಬರುತ್ತದೆ, ನಕ್ಷೆ ಚೆನ್ನಾಗಿರುವುದಿಲ್ಲ. ಬಿಂದುವಿನ ಮೇಲೆ ನಿಂತು ಮೂರು ಸಂಗತಿ ಬರೆದುಕೊಳ್ಳಿ: ಹುಣಿಗಳ ನಡುವೆ ಮೆಟ್ಟಿಲಿನ ಎತ್ತರ ಎಷ್ಟು, ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿದೆ, ಸುಗ್ಗಿಯೋ ಕೊಳಕೆಯೋ ಹಿಂದೆ ಆಗುತ್ತಿತ್ತೇ. ಮೂರನೆಯದಕ್ಕೆ ಅಲ್ಲಿನ ಹಿರಿಯರನ್ನು ಕೇಳಬೇಕು. ಅಡಿಕೆ ತೋಟದ ನಡುವೆ ನಿಂತು ಅವರು "ಇದು ಮಜಲು, ಬೈಲು ಆ ಕಟ್ಟದಿಂದ ಕೆಳಗೆ" ಎಂದರೆ ನಿಮ್ಮ 1.5ನ್ನು 1.7 ಮಾಡಿ ಮತ್ತೊಮ್ಮೆ ಓಡಿಸಿ ನೋಡಿ.